ಎಸೆನ್ಷಿಯಲ್ಸ್ ಕಿಟ್: ಉಳಿದು ಬಾಳುವ ಆಟದ ಗುಂಪನ್ನು ಕಟ್ಟಲು ಈ ಪೆಟ್ಟಿಗೆ ಎಷ್ಟು ನೆರವಾಗುತ್ತದೆ?

ಪಾತ್ರ ವಹಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ ಆಟವನ್ನು ಆಡಬೇಕೆಂದು ಹೊರಡುವವರನ್ನು ಮೊದಲು ಕಾಡುವುದು ಜನರ ಕೊರತೆ. ನಿಯಮಗಳ ಸರದಿ ಆಮೇಲೆ. ನಿಯಮಗಳನ್ನು ಒಬ್ಬರೇ ಕುಳಿತು ಓದಿ ಕಲಿಯಬಹುದು. ಆದರೆ ಅದೇ ನಾಲ್ಕೈದು ಮಂದಿ ಎರಡು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಮೂರು ನಾಲ್ಕು ತಾಸು ಕೂರುವಂತೆ ಮಾಡುವುದು, ಆ ರೂಢಿಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವುದು ಬೇರೆಯೇ ಬಗೆಯ ಕೆಲಸ. ಆದ್ದರಿಂದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2019ರಲ್ಲಿ ಹೊರತಂದ ಎಸೆನ್ಷಿಯಲ್ಸ್ ಕಿಟ್ ಎಂಬ ಪೆಟ್ಟಿಗೆಯನ್ನು ನಾನು ಇಲ್ಲಿ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಈ ಆಟವನ್ನು ಎಂದೂ ಕಂಡಿರದ ಜನರನ್ನು ಕೂಡಿಸಿ, ಅವರು ಮತ್ತೆ ಮತ್ತೆ ಬರುವಂತಹ ಗುಂಪೊಂದನ್ನು ಕಟ್ಟುವುದಕ್ಕೆ ಇದು ಎಷ್ಟರ ಮಟ್ಟಿಗೆ ಒದಗುತ್ತದೆ? ಚಿತ್ರಗಳು ಎಷ್ಟು ಚೆನ್ನಾಗಿವೆ, ಕಥೆ ಎಷ್ಟು ಹೊಸತು ಎಂಬ ಮಾತುಗಳು ಈ ಪ್ರಶ್ನೆಗೆ ಸಂಬಂಧಪಟ್ಟಷ್ಟೇ ಬರುತ್ತವೆ.

ಪೆಟ್ಟಿಗೆಯಲ್ಲಿ 64 ಪುಟಗಳ ನಿಯಮಗಳ ಪುಸ್ತಕವೊಂದು, ಡ್ರ್ಯಾಗನ್ ಆಫ್ ಐಸ್‌ಸ್ಪೈರ್ ಪೀಕ್ ಎಂಬ ಸಾಹಸಕಥೆಯ ಪುಸ್ತಕವೊಂದು, 11 ದಾಳಗಳು, ಆಟ ನಡೆಸುವವರು ತಮ್ಮ ಟಿಪ್ಪಣಿಗಳನ್ನು ಮರೆಮಾಡಿಕೊಳ್ಳಲು ಒಂದು ಮಡಚುವ ಸ್ಕ್ರೀನ್, ಎರಡೂ ಬದಿ ಮುದ್ರಿಸಿದ ದೊಡ್ಡ ನಕ್ಷೆ, ಪಾತ್ರದ ವಿವರಗಳನ್ನು ಬರೆದಿಡುವ ಖಾಲಿ ಕ್ಯಾರೆಕ್ಟರ್ ಶೀಟ್‌ಗಳು ಮತ್ತು ಹರಿದು ಬಿಡಿಸಿಕೊಳ್ಳಬೇಕಾದ ಕಾರ್ಡುಗಳು ಇವೆ. ಅಮೆರಿಕದಲ್ಲಿ ಇದರ ಮುದ್ರಿತ ಬೆಲೆ 24.99 ಡಾಲರ್ ಆಗಿತ್ತು. ನಮ್ಮಲ್ಲಿ ಆಮದಿನ ಖರ್ಚು ಸೇರಿ ಬೆಲೆ ಏರಿಳಿಯುವುದರಿಂದ ಕೊಳ್ಳುವ ಮುನ್ನ ಎರಡು ಮೂರು ಕಡೆ ವಿಚಾರಿಸುವುದು ಲೇಸು. ಸ್ಕ್ರೀನ್ ತೆಳು ರಟ್ಟಿನದು, ಫ್ಯಾನಿನ ಗಾಳಿಗೆ ಬೀಳುತ್ತದೆ. ಉಳಿದವು ಬಾಳಿಕೆ ಬರುವಂಥವೇ.

ಆಟವನ್ನೇ ಅರಿಯದವರಿಗೆ ಎರಡು ಮಾತು. ತಾಳಮದ್ದಳೆಯನ್ನು ಕಂಡವರಿಗೆ ಇದರ ಸ್ವರೂಪ ಬೇಗ ಮನವರಿಕೆಯಾಗುತ್ತದೆ: ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಕುಳಿತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ, ಪ್ರಸಂಗವನ್ನು ಮುನ್ನಡೆಸುವ ಹೊಣೆ ಭಾಗವತರದ್ದಾಗಿರುತ್ತದೆ. ಇಲ್ಲಿ ಆ ಹೊಣೆ ಡಂಜನ್ ಮಾಸ್ಟರ್, ಅಂದರೆ ಎಲ್ಲರೂ ಕರೆಯುವಂತೆ ಡಿಎಂ ಅವರದ್ದು. ಆದರೆ ಪ್ರಸಂಗದ ಕೊನೆ ತಾಳಮದ್ದಳೆಯ ಪ್ರೇಕ್ಷಕರಿಗೆಲ್ಲ ಮೊದಲೇ ಗೊತ್ತಿರುತ್ತದೆ; ಡಿ ಅಂಡ್ ಡಿಯಲ್ಲಿ ಅದು ಡಿಎಂಗೂ ಗೊತ್ತಿರುವುದಿಲ್ಲ, ಏಕೆಂದರೆ ಸಂಶಯವಿರುವಲ್ಲೆಲ್ಲ 20 ಮುಖದ ದಾಳವನ್ನು ಉರುಳಿಸಿ, ಪಾತ್ರದ ಬಲಾಬಲವನ್ನು ಅದಕ್ಕೆ ಕೂಡಿಸಿ ಫಲವನ್ನು ತೀರ್ಮಾನಿಸುತ್ತಾರೆ. ಹೊಸಬರು ಮೊದಲ ದಿನ ಕಲಿಯಬೇಕಾದ ನಿಯಮ ಬಹುಮಟ್ಟಿಗೆ ಇಷ್ಟೇ.

ಹೊಸಬರಿಗಾಗಿ ಪೆಟ್ಟಿಗೆ ತರುವ ಪದ್ಧತಿ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾದಾಗ, ಸೇನಾ ವ್ಯೂಹಗಳ ಆಟಗಳನ್ನು ಆಡಿ ಪಳಗಿದವರಿಗೆ ಮಾತ್ರ ಅರ್ಥವಾಗುವಂತಿತ್ತು. ಆದ್ದರಿಂದಲೇ 1977ರಲ್ಲಿ ಎರಿಕ್ ಹೋಮ್ಸ್, 1981ರಲ್ಲಿ ಟಾಮ್ ಮೋಲ್ಡ್ವೇ, 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಅದನ್ನು ಹೊಸಬರಿಗೆಂದು ತಿದ್ದಿ ಬರೆದರು. ಮೆಂಟ್ಜರ್ ಅವರ ಕೆಂಪು ಪೆಟ್ಟಿಗೆ ಒಬ್ಬಂಟಿ ಓದುಗನಿಗೆ ಕಥೆಯ ಮೂಲಕ ನಿಯಮ ಕಲಿಸಿ, ಅನಂತರ ಅವನನ್ನು ಗೆಳೆಯರ ಬಳಿಗೆ ಕಳಿಸುತ್ತಿತ್ತು. ಐದನೆಯ ಆವೃತ್ತಿಯೊಂದಿಗೆ 2014ರಲ್ಲಿ ಬಂದ ಸ್ಟಾರ್ಟರ್ ಸೆಟ್ ತುಂಬು ಗುಂಪೊಂದು ಆಗಲೇ ಸಿದ್ಧವಾಗಿದೆ ಎಂದುಕೊಂಡು ಆರಂಭವಾಗುತ್ತದೆ: ಐದು ಸಿದ್ಧ ಪಾತ್ರಗಳು, ಒಂದು ಗಾಡಿ, ದಾರಿಯಲ್ಲಿ ಹೊಂಚುಹಾಕಿದ ದುಷ್ಟ ಕುಳ್ಳರಾದ ಗಾಬ್ಲಿನ್‌ಗಳು. ಎಸೆನ್ಷಿಯಲ್ಸ್ ಕಿಟ್ ಇವೆರಡರ ನಡುವಿನ ಸ್ಥಿತಿಯನ್ನು ಗಮನಿಸಿದೆ. ಒಬ್ಬರಿಗೆ ಆಸೆ ಹುಟ್ಟಿದೆ, ಇನ್ನೊಬ್ಬರನ್ನು ಹೇಗೋ ಒಪ್ಪಿಸಿದ್ದಾಗಿದೆ, ಮೂರನೆಯವರು ಇನ್ನೂ ಸಿಕ್ಕಿಲ್ಲ. ಬಹುತೇಕ ಗುಂಪುಗಳು ಹುಟ್ಟುವುದು ಈ ಸ್ಥಿತಿಯಲ್ಲೇ.

ಇದಕ್ಕಾಗಿ ಪೆಟ್ಟಿಗೆ ನೀಡುವ ಸಾಧನ ಸೈಡ್‌ಕಿಕ್ ಎಂಬ ಸಹಚರ ಪಾತ್ರ. ಒಬ್ಬ ಡಿಎಂ ಮತ್ತು ಒಬ್ಬನೇ ಆಟಗಾರ ಇದ್ದಾಗಲೂ ಆಟ ನಡೆಯಲೆಂದು, ಆಟಗಾರನ ಪಾತ್ರದ ಜೊತೆಗೆ ಹೋರಾಟಗಾರ, ಮಂತ್ರವಾದಿ ಅಥವಾ ಕೈಚಳಕದ ನಿಪುಣನೊಬ್ಬನನ್ನು ಸರಳ ನಿಯಮಗಳೊಂದಿಗೆ ಸೇರಿಸಿಕೊಳ್ಳಬಹುದು. ಅವರ ಹೆಸರು, ಮುಖ, ಸ್ವಭಾವಗಳು ಕಾರ್ಡುಗಳಲ್ಲಿ ಮುದ್ರಿತವಾಗಿವೆ. ಪಾತ್ರಕ್ಕೆ ಅನುಭವ ಹೆಚ್ಚಿದಂತೆ ಸಹಚರನೂ ಬೆಳೆಯುತ್ತಾನೆ, ಆದರೆ ಅವನನ್ನು ನಿಭಾಯಿಸುವ ಲೆಕ್ಕಾಚಾರ ಆಟಗಾರನ ಪಾತ್ರದಷ್ಟು ಜಟಿಲವಾಗಿರುವುದಿಲ್ಲ. ಗಂಡ ಹೆಂಡತಿ, ಅಕ್ಕ ತಮ್ಮ, ಒಂದೇ ಕೋಣೆಯಲ್ಲಿ ವಾಸಿಸುವ ಇಬ್ಬರು ಗೆಳೆಯರು ಹೀಗೆ ಆಡಲು ತೊಡಗಿ, ಕ್ರಮೇಣ ಮೂರನೆಯವರನ್ನೂ ನಾಲ್ಕನೆಯವರನ್ನೂ ಕರೆದುಕೊಳ್ಳಬಹುದು. "ಐದು ಜನ ಸಿಕ್ಕ ಮೇಲೆ ಶುರು ಮಾಡೋಣ" ಎಂದು ಕಾಯುವವರ ಪೆಟ್ಟಿಗೆ ಕಪಾಟಿನಲ್ಲೇ ಉಳಿಯುತ್ತದೆ. ಇಬ್ಬರಿಂದ ಆರಂಭಿಸಿದವರ ಬಳಿ, ಕರೆಯಲು ಹೋದಾಗ ತೋರಿಸುವುದಕ್ಕೆ ನಡೆಯುತ್ತಿರುವ ಕಥೆಯೊಂದು ಇರುತ್ತದೆ.

ಸಹಚರ ಪಾತ್ರಗಳ ಇನ್ನೊಂದು ಉಪಯೋಗವನ್ನು ಪುಸ್ತಕ ಅಷ್ಟಾಗಿ ಎತ್ತಿ ಹೇಳುವುದಿಲ್ಲ, ಆದರೆ ನಮ್ಮ ಮೇಜಿನಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಅದೇ. ಒಬ್ಬರು ಬರಲಾಗದ ದಿನ ಗುಂಪಿನಲ್ಲಿ ಗಾಯ ಮಾಯಿಸುವವರೋ ಬೀಗ ತೆರೆಯುವವರೋ ಇಲ್ಲವಾಗಿ ಉಳಿದವರಿಗೆ ಆಟ ಕಷ್ಟವಾಗುತ್ತದೆ. ಆ ಕೊರತೆಗೆ ಒಂದು ಸಹಚರ ಕಾರ್ಡು ಎತ್ತಿಟ್ಟರೆ ಸಾಕು, ಆಟವನ್ನು ಮುಂದಕ್ಕೆ ಹಾಕುವ ಪ್ರಮೇಯ ಬರುವುದಿಲ್ಲ. ಮತ್ತೊಂದು ಸಂದರ್ಭವೂ ಇದೆ. "ಸುಮ್ಮನೆ ಕೂತು ನೋಡುತ್ತೇನೆ" ಎನ್ನುತ್ತ ಬಂದ ಸಂಕೋಚದ ಅತಿಥಿಯ ಕೈಗೆ ಸಹಚರನ ಕಾರ್ಡೊಂದನ್ನು ಕೊಟ್ಟರೆ, ಅವರು ಪೂರ್ಣ ಪಾತ್ರದ ಹೊರೆಯಿಲ್ಲದೆ ಕಥೆಯೊಳಕ್ಕೆ ಇಳಿಯುತ್ತಾರೆ. ಮುಂದಿನ ಸಲ ಸ್ವಂತ ಪಾತ್ರ ಬೇಕೆಂದು ಅವರೇ ಕೇಳಿದರೆ ಗುಂಪಿಗೆ ಒಬ್ಬರು ಸೇರಿದಂತೆ. ಕೇಳದಿದ್ದರೆ ಯಾರಿಗೂ ಮುಜುಗರವಿಲ್ಲ.

ಪೆಟ್ಟಿಗೆಯ ನಿಜವಾದ ಬಲ ಇರುವುದು ಸಾಹಸಕಥೆಯ ಕಟ್ಟಡದಲ್ಲಿ. ಫ್ಯಾಂಡಲಿನ್ ಎಂಬ ಗಡಿನಾಡಿನ ಪುಟ್ಟ ಊರು. ಅದರ ಆಸುಪಾಸಿನ ಬೆಟ್ಟವೊಂದಕ್ಕೆ ಕ್ರಯೋವೇನ್ ಎಂಬ ಬಿಳಿ ಡ್ರ್ಯಾಗನ್ ಬಂದು ಸೇರಿಕೊಂಡಿದೆ. ಊರಿನ ಯಜಮಾನ ಹಾರ್ಬಿನ್ ವೆಸ್ಟರ್ ಎಂಥ ಪುಕ್ಕಲನೆಂದರೆ, ಬಾಗಿಲನ್ನೂ ತೆರೆಯದೆ ಒಳಗಿನಿಂದಲೇ ಮಾತನಾಡುತ್ತಾನೆ. ತನ್ನ ಕಚೇರಿಯ ಹೊರಗಿನ ಫಲಕದ ಮೇಲೆ ಮಾತ್ರ ಆಗಬೇಕಾದ ಕೆಲಸಗಳನ್ನೂ ಅವಕ್ಕೆ ಸಿಗುವ ಸಂಭಾವನೆಯನ್ನೂ ಬರೆದು ಅಂಟಿಸುತ್ತಾನೆ. ಮೊದಲಿಗೆ ಮೂರು ಕೆಲಸಗಳಿರುತ್ತವೆ. ಅವುಗಳಲ್ಲಿ ಎರಡು ಮುಗಿದಾಗ ಇನ್ನೂ ಮೂರು ಸೇರುತ್ತವೆ, ಆ ಸುತ್ತಿನಲ್ಲೂ ಎರಡನ್ನು ಮುಗಿಸಿದರೆ ಮತ್ತೆ ಮೂರು. ಈ ಒಂಬತ್ತೂ ಕೆಲಸಗಳಿಗೆ ಪೆಟ್ಟಿಗೆಯಲ್ಲಿ ಒಂದೊಂದು ಕಾರ್ಡು ಇದೆ, ಅವನ್ನು ಮೇಜಿನ ಮೇಲೆ ಹರಡಿ "ಇವತ್ತು ಯಾವುದು?" ಎಂದು ಕೇಳುವುದೇ ಆಟದ ಆರಂಭ.

ಫಲಕದ ಈ ವ್ಯವಸ್ಥೆ ಮೇಲುನೋಟಕ್ಕೆ ಸಾಧಾರಣವಾಗಿ ಕಾಣಬಹುದು. ಆದರೆ ಗುಂಪುಗಳು ಯಾಕೆ ಒಡೆಯುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಜಗಳದಿಂದ ಒಡೆಯುವ ಗುಂಪುಗಳು ಕಡಿಮೆ; ಹೆಚ್ಚಿನವು ಕ್ಯಾಲೆಂಡರಿಗೆ ಬಲಿಯಾಗುತ್ತವೆ. ದೀರ್ಘ ಕಥೆಯೊಂದು ಒಂದರಿಂದ ಮತ್ತೊಂದಕ್ಕೆ ಹೆಣೆದುಕೊಂಡು ಸಾಗುವಾಗ, ಒಬ್ಬರು ಎರಡು ಸಲ ತಪ್ಪಿಸಿಕೊಂಡರೆ ಅವರಿಗೆ ಎಳೆ ಕೈತಪ್ಪುತ್ತದೆ; ಅವರಿಗಾಗಿ ಕಾದರೆ ಉಳಿದವರ ಉತ್ಸಾಹ ತಣಿಯುತ್ತದೆ; ಹಾಗೆ ಎರಡು ಮೂರು ಶನಿವಾರಗಳು ಖಾಲಿ ಹೋದ ಮೇಲೆ "ಯಾವಾಗ ಸೇರೋಣ?" ಎಂಬ ವಾಟ್ಸಾಪ್ ಸಂದೇಶಕ್ಕೆ ಉತ್ತರಿಸುವವರೇ ಇರುವುದಿಲ್ಲ. ಐಸ್‌ಸ್ಪೈರ್ ಪೀಕ್‌ನಲ್ಲಿ ಒಂದೊಂದು ಕೆಲಸವೂ ಒಂದು ಅಥವಾ ಎರಡು ಕೂಟಗಳಲ್ಲಿ ಮುಗಿಯುತ್ತದೆ, ಪಾತ್ರಗಳು ಊರಿಗೆ ಮರಳುತ್ತವೆ. ಬಾರದಿದ್ದವರ ಪಾತ್ರ ಊರಿನ ಛತ್ರದಲ್ಲೇ ಉಳಿದಿತ್ತು ಎಂದರೆ ವಿವರಣೆ ಮುಗಿಯಿತು. ಶತ್ರುಗಳನ್ನು ಕೊಂದ ಲೆಕ್ಕದಲ್ಲಿ ಅಂಕ ಕೂಡಿಡುವ ಗೋಜಿಲ್ಲದೆ, ಕೆಲಸಗಳು ಮುಗಿದಂತೆ ಪಾತ್ರದ ಲೆವೆಲ್, ಅಂದರೆ ಬಲದ ಮಟ್ಟ, ಏರುವ ಕ್ರಮವನ್ನು ಈ ಪುಸ್ತಕ ಅನುಸರಿಸುವುದರಿಂದ, ಬಾರದವರ ಪಾತ್ರವನ್ನೂ ಉಳಿದವರ ಜೊತೆಗೇ ಏರಿಸುವುದು ಸುಲಭ. ಹಾಗೆಯೇ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ: ಕೆಲಸದ ಒತ್ತಡದಿಂದಲೋ ಮಗುವಿನ ಜ್ವರದಿಂದಲೋ ಬರಲಾಗದವರಿಗೆ ಹಿಂದುಳಿದ ಪಾತ್ರವನ್ನು ಕೊಡುವುದು ಶಿಕ್ಷೆಯೇ ಸರಿ, ಶಿಕ್ಷೆ ಅನುಭವಿಸಲು ಯಾರೂ ಶನಿವಾರ ಸಂಜೆ ಮನೆ ಬಿಟ್ಟು ಬರುವುದಿಲ್ಲ.

ಈ ಉಪಾಯ ಹೊಸದೇನಲ್ಲ. ಬೆನ್ ರಾಬಿನ್ಸ್ ಅವರು ನಡೆಸಿದ ವೆಸ್ಟ್ ಮಾರ್ಚಸ್ ಎಂಬ ಆಟದಲ್ಲಿ ನಿಗದಿತ ದಿನವೂ ಇರಲಿಲ್ಲ, ನಿಗದಿತ ಗುಂಪೂ ಇರಲಿಲ್ಲ. ಹತ್ತಕ್ಕಿಂತ ಹೆಚ್ಚು ಆಟಗಾರರ ದೊಡ್ಡ ಬಳಗದಿಂದ ಯಾರು ಬರಬಲ್ಲರೋ ಅವರೇ ಸೇರಿ, ಎಲ್ಲಿಗೆ ಹೋಗಬೇಕೆಂದು ತಾವೇ ತೀರ್ಮಾನಿಸಿ ಡಿಎಂಗೆ ತಿಳಿಸುತ್ತಿದ್ದರು, ಪ್ರತಿ ಕೂಟವೂ ಊರಿನಲ್ಲಿ ಆರಂಭವಾಗಿ ಊರಿನಲ್ಲೇ ಮುಗಿಯುತ್ತಿತ್ತು. ಅಷ್ಟು ದೊಡ್ಡ ಬಳಗವನ್ನೂ ಅಷ್ಟು ವಿಸ್ತಾರದ ನಕ್ಷೆಯನ್ನೂ ಸಂಭಾಳಿಸಲು ಅನುಭವಿ ಡಿಎಂ ಬೇಕು. ಎಸೆನ್ಷಿಯಲ್ಸ್ ಕಿಟ್ ಅದೇ ತತ್ತ್ವವನ್ನು ಹೊಸ ಡಿಎಂ ಹೊರಬಲ್ಲ ಗಾತ್ರಕ್ಕೆ ಇಳಿಸಿ ಕೊಟ್ಟಿದೆ. ಬಿಡಿಬಿಡಿಯಾದ ಈ ಕೆಲಸಗಳನ್ನು ಒಟ್ಟು ಹಿಡಿದಿಡುವುದು ಡ್ರ್ಯಾಗನ್. ಅದು ಈಗ ಎಲ್ಲಿದೆ ಎಂಬುದನ್ನು ಡಿಎಂ ದಾಳ ಉರುಳಿಸಿ ತಿಳಿಯಬೇಕಾದ್ದರಿಂದ, ಯಾರದೋ ಹೊಲದ ಬೇಲಿಯ ಮಾತು ನಡೆಯುತ್ತಿರುವಾಗಲೇ ನೆತ್ತಿಯ ಮೇಲೆ ರೆಕ್ಕೆಯ ನೆರಳು ಹಾಯ್ದುಹೋಗಬಹುದು.

ಹಾಗೆಂದು ಕಥೆಯಾಗಿ ಇದು ಶ್ರೇಷ್ಠವೆಂದು ಹೇಳಲಾರೆ. ಸ್ಟಾರ್ಟರ್ ಸೆಟ್‌ನ ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್ ಇದೇ ಊರಿನಲ್ಲಿ ನಡೆಯುವ ಕಥೆ. ಅದರಲ್ಲಿ ಕಳೆದುಹೋದ ಗಣಿ, ಅಪಹರಣಗೊಂಡ ಸಹೋದರರು, ಹಿಂದಿನಿಂದ ಸೂತ್ರ ಹಿಡಿದ ಖಳ ಎಲ್ಲವೂ ಒಂದೇ ಹೆಣಿಗೆಯಲ್ಲಿ ಬರುತ್ತವೆ. ಐಸ್‌ಸ್ಪೈರ್ ಪೀಕ್‌ನ ಖಳರು ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ಬಂದು ಹೋಗುತ್ತಾರೆ, ಡ್ರ್ಯಾಗನ್‌ಗಂತೂ ಹಸಿವಿನಾಚೆಗೆ ಹೇಳಿಕೊಳ್ಳುವ ಉದ್ದೇಶವೇ ಇಲ್ಲ. ವಾರ ತಪ್ಪದೆ ಸೇರುವ ಐದು ಜನ ಈಗಾಗಲೇ ನಿಮ್ಮ ಬಳಿ ಇದ್ದರೆ ಫ್ಯಾಂಡೆಲ್ವರ್ ಉತ್ತಮ ಆಯ್ಕೆ. ಅಂಥ ಐವರು ಎಷ್ಟು ಜನರ ಬಳಿ ಇದ್ದಾರೆ?

ಮೊದಲ ಕೂಟಕ್ಕೆ ಯಾವ ಕೆಲಸವನ್ನು ಆರಿಸಬೇಕೆಂಬ ವಿಷಯದಲ್ಲಿ ಪುಸ್ತಕ ಆಟಗಾರರಿಗೆ ಪೂರ್ಣ ಸ್ವಾತಂತ್ರ್ಯ ಕೊಡುತ್ತದೆ, ಅದು ಅಪಾಯಕಾರಿ. ಅಂಬ್ರೇಜ್ ಹಿಲ್ ಎಂಬ ಗುಡ್ಡದ ಮೇಲಿನ ಹಳೆಯ ಗಾಳಿಗಿರಣಿಯಲ್ಲಿ ಅಡಾಬ್ರಾ ಗ್ವಿನ್ ಎಂಬ ಸೂಲಗಿತ್ತಿ ವಾಸಿಸುತ್ತಾಳೆ. ಪಾತ್ರಗಳು ಅಲ್ಲಿಗೆ ತಲುಪುವಾಗ ಮ್ಯಾಂಟಿಕೋರ್ ಒಂದು ಆಕೆಯ ಮನೆಯ ಮೇಲೆ ಎರಗಿರುತ್ತದೆ. ಬಾಲದ ಮುಳ್ಳುಗಳನ್ನು ದೂರದಿಂದಲೇ ಎಸೆಯಬಲ್ಲ ಈ ಪ್ರಾಣಿಗೆ ಮೊದಲ ಲೆವೆಲ್‌ನ ನಾಲ್ಕು ಪಾತ್ರಗಳನ್ನು ಒಂದೇ ಸಂಜೆಯಲ್ಲಿ ಮುಗಿಸುವುದು ದೊಡ್ಡ ಮಾತಲ್ಲ. ಅದರೊಂದಿಗೆ ಮಾತನಾಡಿ, ಏನಾದರೂ ಕೊಟ್ಟು ಕಳಿಸಬಹುದೆಂದು ಪುಸ್ತಕದಲ್ಲಿದೆ. ಆದರೆ ಕಂಪ್ಯೂಟರ್ ಆಟಗಳಿಂದ ಬಂದ ಹೊಸಬರಿಗೆ ರಾಕ್ಷಸನನ್ನು ಮಾತನಾಡಿಸಬಹುದೆಂಬ ಯೋಚನೆಯೇ ಹೊಳೆಯುವುದಿಲ್ಲ. ಮೊದಲ ದಿನವೇ ಪಾತ್ರ ಸತ್ತವರು ಎರಡನೆಯ ದಿನ ಬರುವ ಸಂಭವ ಕಡಿಮೆ.

ನೋಮೆನ್‌ಗಾರ್ಡ್ ಎಂಬ ಕೆಲಸದಿಂದ ಆರಂಭಿಸುವುದೇ ಒಳ್ಳೆಯದು. ಅಲ್ಲಿನ ಗುಹೆಗಳಲ್ಲಿ ನೋಮ್ ಎಂಬ ಕುಳ್ಳಜನರ ಪುಟ್ಟ ರಾಜ್ಯವಿದೆ, ಕೊರ್ಬೋಜ್ ಮತ್ತು ನೆರ್ಕ್ಲಿ ಎಂಬ ಇಬ್ಬರು ರಾಜರಿದ್ದಾರೆ; ಯಾವುದೋ ಪ್ರಾಣಿ ಒಳಹೊಕ್ಕು ಜನರನ್ನು ತಿನ್ನುತ್ತಿದೆ, ಆ ಭಯದಲ್ಲಿ ಒಬ್ಬ ರಾಜನಿಗೆ ಬುದ್ಧಿ ಕೆಟ್ಟು, ಇನ್ನೊಬ್ಬನನ್ನು ರಕ್ಷಿಸುವ ಹೆಸರಿನಲ್ಲಿ ಕಟ್ಟಿಹಾಕಿದ್ದಾನೆ. ಇಲ್ಲಿ ವಿಚಾರಿಸುವುದಿದೆ, ಸಮಾಧಾನಪಡಿಸುವುದಿದೆ, ನಗುವುದಿದೆ, ಕೊನೆಯಲ್ಲಿ ಸಣ್ಣ ಹೋರಾಟವೂ ಇದೆ. ಕತ್ತಿ ಹಿಡಿಯುವವರಿಗೂ ಮಾತಿನಲ್ಲಿ ಗೆಲ್ಲುವವರಿಗೂ ಒಂದೊಂದು ಅವಕಾಶ ಸಿಗುವುದರಿಂದ, ಮೇಜಿನ ಸುತ್ತ ಇರುವವರಲ್ಲಿ ಯಾರಿಗೆ ಯಾವುದು ಹಿಡಿಸುತ್ತದೆ ಎಂಬುದು ಡಿಎಂಗೆ ಆ ಒಂದು ಸಂಜೆಯಲ್ಲೇ ತಿಳಿದುಹೋಗುತ್ತದೆ. ಉಳಿದೆರಡು ಕಾರ್ಡುಗಳನ್ನು ಆ ದಿನದ ಮಟ್ಟಿಗೆ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ.

ಪೆಟ್ಟಿಗೆಯ ದೊಡ್ಡ ಕೊರತೆಯೆಂದರೆ ಇದರಲ್ಲಿ ಸಿದ್ಧ ಪಾತ್ರಗಳಿಲ್ಲ. ಮಾನವ, ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಎಂಬ ಕುಲಗಳಲ್ಲಿ ಒಂದನ್ನೂ, ಫೈಟರ್, ರೋಗ್, ಕ್ಲೆರಿಕ್, ವಿಝಾರ್ಡ್, ಬಾರ್ಡ್ ಎಂಬ ವೃತ್ತಿಗಳಲ್ಲಿ ಒಂದನ್ನೂ ಆರಿಸಿ, ಅಂಕಗಳನ್ನು ಕೂಡಿ ಕಳೆದು ಖಾಲಿ ಶೀಟನ್ನು ತುಂಬಬೇಕು. ಅನುಭವಿಗಳಿಗೆ ಇದು ಸಂತೋಷದ ಕೆಲಸ. ಆಟವೇನೆಂದೇ ತಿಳಿಯದವರಿಗೆ ಬ್ಯಾಂಕಿನ ಅರ್ಜಿಯಷ್ಟೇ ನೀರಸ. ನಾಲ್ವರು ಹೊಸಬರು ಕೂತು ಇದನ್ನು ಮುಗಿಸುವಷ್ಟರಲ್ಲಿ ಮೊದಲ ಸಂಜೆ ಕಳೆದುಹೋಗಿ, ಒಂದು ದಾಳವನ್ನೂ ಉರುಳಿಸದೆ ಎಲ್ಲರೂ ಮನೆಗೆ ಮರಳಬೇಕಾದೀತು. ಆದ್ದರಿಂದ ಡಿಎಂ ಆದವರು ಐದಾರು ಪಾತ್ರಗಳನ್ನು ಮೊದಲೇ ತುಂಬಿಟ್ಟು, ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟು, ಬಂದವರ ಮುಂದೆ ಇಡುವುದು ಒಳಿತು. ಎರಡನೆಯ ಕೂಟಕ್ಕೂ ಬಂದವರಿಗೆ ಬೇಕಿದ್ದರೆ ಹೊಸ ಪಾತ್ರ ಮಾಡಿಕೊಳ್ಳಲು ಅವಕಾಶ ಕೊಡಬಹುದು. ಈ ವಿಷಯದಲ್ಲಿ 2014ರ ಪೆಟ್ಟಿಗೆಯೂ, 2022ರಲ್ಲಿ ಬಂದ ಡ್ರ್ಯಾಗನ್ಸ್ ಆಫ್ ಸ್ಟಾರ್ಮ್‌ರೆಕ್ ಐಲ್ ಎಂಬ ಪೆಟ್ಟಿಗೆಯೂ ಇದಕ್ಕಿಂತ ಮೇಲು. ಎರಡರಲ್ಲೂ ಐದೈದು ಪಾತ್ರಗಳು ಸಿದ್ಧವಾಗಿ ಬರುತ್ತವೆ. ಆದರೆ ಸ್ಟಾರ್ಮ್‌ರೆಕ್ ಐಲ್ ಕಥೆ ಮೂರನೆಯ ಲೆವೆಲ್‌ಗೇ ಮುಗಿಯುವುದರಿಂದ, ಜನ ಒಬ್ಬರಿಗೊಬ್ಬರು ಹೊಂದಿಕೊಳ್ಳುವ ಹೊತ್ತಿಗೆ ಪುಸ್ತಕ ಖಾಲಿಯಾಗಿರುತ್ತದೆ.

ಎರಡನೆಯ ಕೊರತೆ ಇನ್ನೂ ಗಂಭೀರವಾದದ್ದು. ಆಟ ಆರಂಭಿಸುವ ಮುನ್ನ ಎಲ್ಲರೂ ಒಮ್ಮೆ ಕೂತು, ಎಂಥ ಕಥೆ ಬೇಕು, ಎಷ್ಟು ದಿನಕ್ಕೊಮ್ಮೆ ಸೇರುವುದು, ಯಾವ ವಿಷಯಗಳು ಮೇಜಿಗೆ ಬರಬಾರದು ಎಂದು ಮಾತನಾಡಿಕೊಳ್ಳುವುದನ್ನು ಈ ಆಟದವರು ಸೆಷನ್ ಜೀರೋ ಎನ್ನುತ್ತಾರೆ. ವಿಝಾರ್ಡ್ಸ್ ಸಂಸ್ಥೆ 2020ರ ಟ್ಯಾಷಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್ ಎಂಬ ಪುಸ್ತಕದಲ್ಲಿ ಇದಕ್ಕೆ ಪುಟಗಳನ್ನು ಮೀಸಲಿಟ್ಟಿತು. ಹೊಸಬರಿಗೆಂದೇ ಮಾಡಿದ ಈ ಪೆಟ್ಟಿಗೆಯಲ್ಲಿ ಗುಂಪನ್ನು ಕಟ್ಟುವ, ಉಳಿಸಿಕೊಳ್ಳುವ ಬಗ್ಗೆ ಹೇಳಿಕೊಳ್ಳುವಂಥ ಮಾರ್ಗದರ್ಶನವಿಲ್ಲ. ಅಪರಿಚಿತರು ಕೂಡಿದ ಮೇಜಿನಲ್ಲಂತೂ ಇದು ಬೇಕೇಬೇಕು. ಜಾನ್ ಸ್ಟಾವ್ರೊಪೌಲಸ್ ಅವರು ರೂಪಿಸಿದ ಎಕ್ಸ್-ಕಾರ್ಡ್ ಎಂಬ ಉಪಾಯ ತೀರ ಸರಳ: ಎಕ್ಸ್ ಗುರುತಿನ ಚೀಟಿಯೊಂದು ಮೇಜಿನ ನಡುವೆ ಇರುತ್ತದೆ, ಯಾರಿಗಾದರೂ ಕಥೆ ಹೋಗುತ್ತಿರುವ ದಿಕ್ಕು ಅಸಹನೀಯವೆನಿಸಿದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗವನ್ನು ಬಿಟ್ಟು ಮುಂದುವರಿಯುತ್ತಾರೆ. ಹೆಣ್ಣುಮಕ್ಕಳು ಹೊಸದಾಗಿ ಬರುವ ಗುಂಪಿನಲ್ಲಿ ಆ ಚೀಟಿ ಇದೆ ಎಂಬುದೇ ಮೇಜಿನ ಗುಣವನ್ನು ಹೇಳುತ್ತದೆ. ಇಷ್ಟನ್ನು ಹೇಳಲು ಎರಡು ಪುಟ ಸಾಕಿತ್ತು.

ನಮ್ಮವರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಸಾಹಸಕಥೆಯ ಪುಸ್ತಕದಲ್ಲಿ ಅಲ್ಲಲ್ಲಿ ಚೌಕಟ್ಟು ಹಾಕಿದ ಭಾಗಗಳನ್ನು ಡಿಎಂ ಗಟ್ಟಿಯಾಗಿ ಓದಬೇಕೆಂದಿದೆ. ಅಲ್ಲಿಯವರೆಗೆ ಕನ್ನಡದಲ್ಲಿ ಹರಟುತ್ತಿದ್ದ ಮೇಜಿನಲ್ಲಿ ಈ ಇಂಗ್ಲಿಷ್ ಭಾಗಗಳನ್ನು ಓದತೊಡಗಿದ ಕೂಡಲೇ ಎಲ್ಲರೂ ಶಾಲೆಯ ಮಕ್ಕಳಂತೆ ನೆಟ್ಟಗೆ ಕೂರುತ್ತಾರೆ, ಆಮೇಲೆ ಅರ್ಧ ತಾಸು ಯಾರೂ ಬಾಯಿ ಬಿಡುವುದಿಲ್ಲ. ಅವನ್ನು ಮನೆಯಲ್ಲಿ ಓದಿಕೊಂಡು ಬಂದು, ಮೇಜಿನಲ್ಲಿ ಸ್ವಂತ ಮಾತಿನಲ್ಲಿ ಹೇಳುವುದು ಮೇಲು. ಆಟದ ಪದಗಳು ಇಂಗ್ಲಿಷಿನಲ್ಲೇ ಇರಲಿ, ಅದರಿಂದ ತೊಂದರೆಯಿಲ್ಲ, ಹಾರ್ಬಿನ್ ವೆಸ್ಟರ್ ಬಾಗಿಲ ಹಿಂದಿನಿಂದ "ಯಾರ್ರೀ ಅದು? ನಾಳೆ ಬನ್ನಿ" ಎಂದು ಗದರಿದರೆ, ಸಂಕೋಚದವರೂ ಅವನಿಗೆ ಜವಾಬು ಕೊಡಲು ಮುಂದಾಗುತ್ತಾರೆ.

ಇನ್ನು ಪೆಟ್ಟಿಗೆಯ ಹೊರಗೆ ಮಾಡಬೇಕಾದ ಕೆಲಸ. ಬೆಂಗಳೂರಿನಂಥ ಊರಿನಲ್ಲಿ ಆಟಗಾರರನ್ನು ಹುಡುಕಲು ಬೋರ್ಡ್ ಗೇಮ್ ಕೆಫೆಗಳಿವೆ, ಡಿಸ್ಕಾರ್ಡ್ ಬಳಗಗಳಿವೆ, ಕಚೇರಿಯ ಸಹೋದ್ಯೋಗಿಗಳಿದ್ದಾರೆ. ಅನುಭವಿ ಆಟಗಾರರೇ ಬೇಕೆಂದು ಹುಡುಕುವುದನ್ನು ನಾನು ಒಪ್ಪುವುದಿಲ್ಲ. ಅವರಲ್ಲಿ ಅನೇಕರು ಈಗಾಗಲೇ ಒಂದೆರಡು ಗುಂಪುಗಳಲ್ಲಿ ಇರುತ್ತಾರೆ, ನಿಮ್ಮ ಮೇಜು ಅವರಿಗೆ ಮೂರನೆಯದು; ಬಿಡುವು ಕಡಿಮೆಯಾದಾಗ ಮೊದಲು ಬಿಡುವುದೂ ಅದನ್ನೇ. ಕಥೆ ಕೇಳುವ, ನಾಟಕ ನೋಡುವ, ಕಾರ್ಡ್ಸ್ ಆಡುವ ಪರಿಚಿತರಲ್ಲೇ ಇಬ್ಬರನ್ನು ಮೊದಲು ಕರೆದು, ಅವರ ಮೂಲಕ ಒಬ್ಬಿಬ್ಬರು ಅಪರಿಚಿತರನ್ನು ಸೇರಿಸಿಕೊಂಡ ಗುಂಪು ಹೆಚ್ಚು ಕಾಲ ನಿಲ್ಲುತ್ತದೆ. ಹೊಸಬರಿಂದ ಹಣ ಖರ್ಚು ಮಾಡಿಸುವ ಅಗತ್ಯವೂ ಇಲ್ಲ. ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಸಂಸ್ಥೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದೆ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಓದಬಹುದು. ಪೆಟ್ಟಿಗೆ ಡಿಎಂ ಬಳಿ ಒಂದಿದ್ದರೆ ಸಾಕು.

ದಿನವನ್ನು ಮೊದಲೇ ನಿಗದಿಪಡಿಸಿ, "ಮೂವರು ಬಂದರೆ ಆಟ ನಡೆಯುತ್ತದೆ" ಎಂಬ ನಿಯಮವನ್ನು ಮೊದಲ ದಿನವೇ ಹೇಳಿಬಿಡಬೇಕು. ಎಲ್ಲರಿಗೂ ಹೊಂದುವ ದಿನವನ್ನು ಪ್ರತಿ ಸಲ ಹೊಸದಾಗಿ ಹುಡುಕುವ ಗುಂಪಿಗೆ ಮದುವೆಯ ತಿಂಗಳುಗಳು, ಐಪಿಎಲ್, ಮಕ್ಕಳ ಪರೀಕ್ಷೆ, ಗೌರಿ ಗಣೇಶ, ದಸರಾ ಎಲ್ಲ ಕಳೆದು ಉಳಿಯುವ ಶನಿವಾರಗಳು ಬಹಳ ಕಡಿಮೆ. ಸ್ಥಳದ ವಿಚಾರ ಅಷ್ಟೇ ಮುಖ್ಯ. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣವಾಗಿ ತೆರೆದ ಮೇಲೆ, ಆ ಮಾರ್ಗದ ಯಾವುದಾದರೂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆ ಇದ್ದವರೇ ಆತಿಥ್ಯ ವಹಿಸುವುದು ಜಾಣತನ. ಸರ್ಜಾಪುರ ರಸ್ತೆಯಿಂದ ರಾಜಾಜಿನಗರಕ್ಕೆ ಕಾರಿನಲ್ಲಿ ಬಂದು ಹೋಗುವವರು ಎಷ್ಟೇ ಉತ್ಸಾಹಿಗಳಾದರೂ ಮಳೆಗಾಲ ದಾಟುವುದಿಲ್ಲ. ಗುಂಪಿನಲ್ಲೊಬ್ಬರು ಕೆಲಸದ ಮೇಲೆ ವಿದೇಶಕ್ಕೆ ಹೋದರೆ, 2012ರಲ್ಲಿ ಆರಂಭವಾದ ರೋಲ್20ಯಂಥ ತಾಣಗಳಲ್ಲಿ ನಕ್ಷೆ ದಾಳಗಳೊಂದಿಗೆ ಆಟವನ್ನು ಮುಂದುವರಿಸಬಹುದು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದ ಶುಕ್ರವಾರ ಸಂಜೆ ಏಳು ಗಂಟೆಯೆಂದರೆ ನಮಗೆ ಶನಿವಾರ ಬೆಳಗ್ಗೆ ಏಳೂವರೆ, ಇಬ್ಬರಿಗೂ ಅನುಕೂಲದ ಹೊತ್ತು. ಆದರೆ ಹೊಸ ಗುಂಪನ್ನು ಪರದೆಯ ಮೇಲೆ ಆರಂಭಿಸಬೇಡಿ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡುವ ಗದ್ದಲವೇ ಈ ಆಟದ ಜೀವ, ವಿಡಿಯೋ ಕರೆಯಲ್ಲಿ ಅದು ಸಾಧ್ಯವಿಲ್ಲ.

ಈಗ ಈ ಪೆಟ್ಟಿಗೆ ಕೊಳ್ಳಬಹುದೇ ಎಂದು ಕೇಳುವವರು ತಿಳಿಯಬೇಕಾದ ವಿಷಯವೊಂದಿದೆ: 2024ರಲ್ಲಿ ಐದನೆಯ ಆವೃತ್ತಿಯ ನಿಯಮಗಳು ಪರಿಷ್ಕೃತಗೊಂಡಿವೆ, ಅವಕ್ಕೆ ತಕ್ಕಂತೆ 2025ರಲ್ಲಿ ಹೀರೋಸ್ ಆಫ್ ದ ಬಾರ್ಡರ್‌ಲ್ಯಾಂಡ್ಸ್ ಎಂಬ ಹೊಸ ಪೆಟ್ಟಿಗೆ ಬಂದಿದೆ. ಹಳೆಯ ನಿಯಮಗಳಿಗೂ ಹೊಸವಕ್ಕೂ ಬುಡದಲ್ಲಿ ಭೇದವಿಲ್ಲದ ಕಾರಣ ಐಸ್‌ಸ್ಪೈರ್ ಪೀಕ್ ಕಥೆಯನ್ನು ಹೊಸ ನಿಯಮಗಳೊಂದಿಗೂ ಆಡಬಹುದು, ಡಿಎಂ ಸ್ವಲ್ಪ ಹೊಂದಿಸಿಕೊಳ್ಳಬೇಕಷ್ಟೆ. ಇಬ್ಬರು ಮೂವರಿಂದ ಆರಂಭಿಸಿ ಬೆಳೆಯಬೇಕೆಂದಿರುವವರಿಗೆ ನನ್ನ ಶಿಫಾರಸು ಈಗಲೂ 2019ರ ಪೆಟ್ಟಿಗೆಯೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಒಳಗಿನ ಡಿ ಅಂಡ್ ಡಿ ಬಿಯಾಂಡ್ ತಾಣದ ಕೋಡನ್ನು ಹಿಂದಿನವರು ಬಳಸಿದ್ದಾರೆಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಆರನೆಯ ಲೆವೆಲ್ ದಾಟಿದ ಗುಂಪಿಗೆ ಬೇಕಾಗುವ ಸ್ಟಾರ್ಮ್ ಲಾರ್ಡ್ಸ್ ರ‍್ಯಾತ್ ಮುಂತಾದ ಮೂರು ಮುಂದುವರಿದ ಕಥೆಗಳು ಸಿಗುವುದು ಆ ಕೋಡಿನಿಂದ.

ಅಷ್ಟು ದೂರ ಬಂದ ಗುಂಪಿಗೆ ಎದುರಾಗುವ ಕೊನೆಯ ಅಪಾಯ ಡಿಎಂನ ದಣಿವು. ಉಳಿದವರು ಆಡಲು ಬರುತ್ತಾರೆ, ಅವರೊಬ್ಬರು ಓದಿ, ಬರೆದು, ಸಿದ್ಧರಾಗಿ ಬರಬೇಕು. ಅವರು ಕೈಬಿಟ್ಟರೆ ಗುಂಪು ಅಲ್ಲಿಗೆ ಮುಗಿಯಿತು. ಐಸ್‌ಸ್ಪೈರ್ ಪೀಕ್‌ನ ಕೆಲಸಗಳು ಕೆಲವೇ ಪುಟಗಳಷ್ಟು ಚಿಕ್ಕವಾಗಿರುವುದು ಇಲ್ಲಿ ಅನುಕೂಲ. ಎರಡನೆಯ ಸುತ್ತಿನ ಕಾರ್ಡುಗಳು ಹೊರಬಿದ್ದಾಗ ಅವುಗಳಲ್ಲಿ ಒಂದನ್ನು ಆಟಗಾರರಲ್ಲೊಬ್ಬರಿಗೆ ಕೊಟ್ಟು, ಆ ಕೂಟವನ್ನು ನಡೆಸಲು ಕೇಳಿಕೊಳ್ಳಿ, ನೀವು ಒಂದು ಸಹಚರ ಕಾರ್ಡು ಹಿಡಿದು ಆಟಗಾರರ ಸಾಲಿನಲ್ಲಿ ಕೂರಿ. ಇದಕ್ಕೆ ಬಟರ್‌ಸ್ಕಲ್ ರ‍್ಯಾಂಚ್ ಎಂಬ ಕೆಲಸವೇ ತಕ್ಕದ್ದು: ಕ್ರೂರ ರಾಕ್ಷಸರಾದ ಆರ್ಕ್‌ಗಳು ದಾಳಿ ಮಾಡಿದ ಒಂದು ಜಾನುವಾರು ಹಟ್ಟಿ, ಅವರ ಕೈಗೆ ಸಿಕ್ಕ ಅದರ ಯಜಮಾನ, ಕಾಣೆಯಾದ ಪಿಟೂನಿಯಾ ಎಂಬ ಹಸು. ನಕ್ಷೆ ಸರಳ, ಉದ್ದೇಶ ಸ್ಪಷ್ಟ, ಎಂದೂ ಡಿಎಂ ಆಗದವರೂ ಒಂದು ರಾತ್ರಿ ಓದಿ ಮರುದಿನ ನಡೆಸಬಹುದು.